ಮೇಷ್ಟ್ರೂ ನಾಗರಹಾವೂ

ಜಯನಗರದ ನಾಲ್ಕನೆಯ ಬ್ಲಾಕಿಗೆ ಅನತಿದೂರದಲ್ಲಿ, ಹೊಂಗೆಮರದ ನೆರಳಿನ ಒಂದು ಹಳೆಯ ಮನೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ವಾಸವಾಗಿದ್ದರು. ತಂದೆತಾಯಿಗಳು ಇಟ್ಟ ಹೆಸರು ಅವರಿಗೂ ಒಂದಿದ್ದಿತು. ಅದು ಪಿಂಚಣಿಯ ಪುಸ್ತಕದಲ್ಲಿಯೂ ಮತದಾರರ ಪಟ್ಟಿಯಲ್ಲಿಯೂ ಭದ್ರವಾಗಿದ್ದಿತು. ಬೀದಿಯಲ್ಲಿ ಮಾತ್ರ ಆ ಹೆಸರು ಹೇಳಿ ವಿಚಾರಿಸಿದವರಿಗೆ ಮನೆ ಸಿಕ್ಕುತ್ತಿರಲಿಲ್ಲ. 'ಚಾಮಯ್ಯ ಮೇಷ್ಟ್ರ ಮನೆ' ಎಂದರೆ ತರಕಾರಿ ಗಾಡಿಯವನೂ ಕೈ ಚಾಚಿ ತೋರಿಸುತ್ತಿದ್ದ.

ಈ ಎರಡನೆಯ ನಾಮಕರಣ ನಡೆದದ್ದು ೧೯೭೩ರ ಮೊದಲ ತಿಂಗಳಿನಲ್ಲಿ. ಒಂದು ಸೋಮವಾರ ಬೆಳಗ್ಗೆ ಮೇಷ್ಟ್ರು ಹಾಜರಿ ಪುಸ್ತಕ ಹಿಡಿದು ತರಗತಿಯೊಳಗೆ ಕಾಲಿಟ್ಟರೆ, ಕಪ್ಪು ಹಲಗೆಯ ಮೇಲೆ ದುಂಡನೆಯ ಅಕ್ಷರಗಳಲ್ಲಿ 'ಚಾಮಯ್ಯ ಮೇಷ್ಟ್ರು' ಎಂದು ಬರೆದಿದ್ದಿತು. ಅದು ಅಪಹಾಸ್ಯವೆಂದೇ ಅವರು ತಿಳಿದರು. "ಯಾರಯ್ಯ ಇದನ್ನು ಬರೆದವನು?" ಎಂದು ಗುಡುಗಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಹೆದರಿದವನಂತೆ ಕಾಣಲಿಲ್ಲ. "ಒಳ್ಳೇ ಅರ್ಥದಲ್ಲೇ ಬರೆದದ್ದು ಸಾರ್. ನೀವೊಂದು ಸಲ ಪಿಕ್ಚರ್ ನೋಡಿ" ಎಂದ. ಅವನನ್ನು ಆ ಗಂಟೆಯೆಲ್ಲ ಬೆಂಚಿನ ಮೇಲೆ ನಿಲ್ಲಿಸಿದರು. ಮುಂದಿನ ಭಾನುವಾರ ಮಡದಿಯೊಡನೆ ಬಿ.ಟಿ.ಎಸ್. ಬಸ್ಸು ಹಿಡಿದು, ಕೆಂಪೇಗೌಡ ರಸ್ತೆಯಲ್ಲಿ ಇಳಿದು, ಸರತಿಯ ಸಾಲಿನಲ್ಲಿ ನಿಂತು ಆ ಚಿತ್ರವನ್ನು ನೋಡಿದರು. ಮನೆಗೆ ಬರುವವರೆಗೆ ಮಾತಿಲ್ಲ. ಸೋಮವಾರ ತರಗತಿಗೆ ಬಂದವರೇ, "ಬೆಂಚಿನ ಮೇಲೆ ನಿಲ್ಲಿಸಿದ್ದು ತಪ್ಪಾಯಿತು, ಕೂತುಕೊಳ್ಳಪ್ಪ" ಎಂದರು. ಹುಡುಗ ಕುಳಿತೇ ಇದ್ದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು.

ಆ ಚಿತ್ರ 'ನಾಗರಹಾವು' ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ೧೯೭೨ರ ಡಿಸೆಂಬರ್ ೨೯ರಂದು ಅದು ತೆರೆ ಕಂಡಿತು. ಈಶ್ವರಿ ಸಂಸ್ಥೆಯ ಎನ್. ವೀರಾಸ್ವಾಮಿಯವರ ನಿರ್ಮಾಣ, ಪುಟ್ಟಣ್ಣ ಕಣಗಾಲರ ನಿರ್ದೇಶನ, ತ.ರಾ.ಸು. ಅವರ ಕಥೆ. ಚಿತ್ರವನ್ನು ನೋಡಿ ಬಂದವರು ಮೊದಲು ಆಡಿದ್ದು ಹಾವಿನಂತಹ ನಾಯಕನ ಮಾತನ್ನೇ. ಹೆಡೆಯೆತ್ತಿದ ಹುಡುಗ ರಾಮಾಚಾರಿಯ ಸಿಟ್ಟು, ಅವನ ನಡಿಗೆ, ಅವನು ಹತ್ತಿದ ಬಂಡೆ, ಇವೇ ಬೀದಿ ಬೀದಿಯ ಮಾತಾದವು. ಆದರೆ ತೆರೆಯ ಹಿಂದಿನ ಸಂಗತಿಗಳನ್ನು ಒಂದೊಂದಾಗಿ ಕೆದಕಿದರೆ, ಅಲ್ಲಿಯೂ ಒಬ್ಬ ಮೇಷ್ಟ್ರು ಇರುತ್ತಾರೆ, ಅವರೆದುರು ಕೈಕಟ್ಟಿ ನಿಂತ ಶಿಷ್ಯನೊಬ್ಬನಿರುತ್ತಾನೆ. ಆ ಚಿತ್ರ ಹುಟ್ಟಿದ್ದೇ ಗುರುಶಿಷ್ಯರ ನಡುವೆ.

ಕಥೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ. ಚಿತ್ರದುರ್ಗದ ಆಚಾರವಂತರ ಮನೆಯಲ್ಲಿ ಹುಟ್ಟಿದ ಒರಟು ಹುಡುಗ ರಾಮಾಚಾರಿ. ಹೆತ್ತವರ ಮಾತಿಗೂ ಬಗ್ಗದವನು ಚಾಮಯ್ಯ ಮೇಷ್ಟ್ರ ಮಾತಿಗೆ ಮಾತ್ರ ಬಗ್ಗುತ್ತಾನೆ. ಮಕ್ಕಳಿಲ್ಲದ ಮೇಷ್ಟ್ರಿಗೂ ಅವರ ಮಡದಿ ತುಂಗಮ್ಮನಿಗೂ ಅವನೇ ಮಗ. ಅವನು ಅಲಮೇಲುವನ್ನು ಪ್ರೀತಿಸಿದಾಗ ಸಂಪ್ರದಾಯ ಅಡ್ಡ ಬರುತ್ತದೆ. ತ್ಯಾಗ ಮಾಡೆಂದು ಕೇಳುವವರು ಬೇರೆ ಯಾರೂ ಅಲ್ಲ, ಮೇಷ್ಟ್ರೇ. ಅವನು ಬಿಟ್ಟುಕೊಡುತ್ತಾನೆ. ಮುಂದೆ ಎಂದೋ ಒಂದು ದಿನ ಆ ಅಲಮೇಲು ಗಂಡನ ಕೈಯಲ್ಲಿ ಕೆಟ್ಟು, ಮೈಮಾರುವ ಬಾಳಿಗೆ ಬಿದ್ದಿರುವುದನ್ನು ಕಣ್ಣಾರೆ ಕಾಣುತ್ತಾನೆ. ಮಾರ್ಗರೆಟ್ಟಳ ವಿಷಯದಲ್ಲಿ ಮೇಷ್ಟ್ರು ಮತ್ತೆ ಅಡ್ಡ ಬಂದಾಗ ಹಾವು ತನ್ನನ್ನು ಸಾಕಿದವನ ಮೇಲೆಯೇ ತಿರುಗುತ್ತದೆ. ಬೆಟ್ಟದಿಂದ ಮೇಷ್ಟ್ರು ಬೀಳುತ್ತಾರೆ. ಆ ದುಃಖದಲ್ಲಿ ಶಿಷ್ಯನೂ ಮಾರ್ಗರೆಟ್ಟಳೂ ಅದೇ ಹಾದಿ ಹಿಡಿಯುತ್ತಾರೆ.

ರಾಮಾಚಾರಿಯ ಪಾತ್ರಕ್ಕೆ ಪುಟ್ಟಣ್ಣನವರು ಹೆಸರಾಂತ ನಟರಾರನ್ನೂ ಆರಿಸಲಿಲ್ಲ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದಿದ ಸಂಪತ್‌ಕುಮಾರ್ ಎಂಬ ಇಪ್ಪತ್ತೆರಡು ವರ್ಷದ ತರುಣ ಆ ಪಾತ್ರಕ್ಕೆ ಬಂದರು. ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ನಿರ್ದೇಶಿಸಿದ 'ವಂಶವೃಕ್ಷ'ದಲ್ಲಿ ಅವರು ಅದಾಗಲೇ ಒಂದು ಸಣ್ಣ ಪಾತ್ರ ಮಾಡಿದ್ದರು. ಆದರೆ ರಾಜ್‌ಕುಮಾರ್, ಉದಯಕುಮಾರ್, ಕಲ್ಯಾಣ್‌ಕುಮಾರ್ ಎಂಬ ಮೂವರು ಕುಮಾರರು ಬೆಳಗುತ್ತಿದ್ದ ಬೆಳ್ಳಿತೆರೆಯ ಮೇಲೆ ನಾಲ್ಕನೆಯ ಕುಮಾರನನ್ನು ಯಾರು ಗುರುತು ಹಿಡಿಯಬೇಕು? ಪುಟ್ಟಣ್ಣನವರು ಆ ಹುಡುಗನಿಗೆ ಹೊಯ್ಸಳ ದೊರೆಯ ಹೆಸರನ್ನು ಕೊಟ್ಟು 'ವಿಷ್ಣುವರ್ಧನ' ಎಂದು ಕರೆದರು. ಆ ದೊರೆಗಾದರೂ ಅದು ಹುಟ್ಟುಹೆಸರಲ್ಲ. ಬಿಟ್ಟಿದೇವನಾಗಿದ್ದವನು ಆಮೇಲೆ ವಿಷ್ಣುವರ್ಧನನಾದ ಎಂಬುದನ್ನು ಶಾಲೆಯ ಚರಿತ್ರೆಯ ಪುಸ್ತಕದಲ್ಲಿ ಎಲ್ಲರೂ ಓದಿದ್ದೇವೆ.

ಅದೇ ಚಿತ್ರದಲ್ಲಿ ಇನ್ನೂ ಒಂದು ನಾಮಕರಣವಾಯಿತು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಮರನಾಥ ಎಂಬ ಇಪ್ಪತ್ತು ವರ್ಷದ ಹುಡುಗ. ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರ ಮೊಮ್ಮಗ. ತಾತನ ಏಳು ತಂತಿಯ ಪಿಟೀಲು ಮೈಸೂರಿನ ಸಂಗೀತಕ್ಕೆ ಕೀರ್ತಿ ತಂದಿತ್ತು. ಮೊಮ್ಮಗನ ಕೈಯಲ್ಲಿ ಇದ್ದದ್ದು ಸಿಗರೇಟು! ಪರೀಕ್ಷೆಗೆಂದು ನಿಲ್ಲಿಸಿದಾಗ ಅದನ್ನು ಗಾಳಿಗೆ ಹಾರಿಸಿ ತುಟಿಯಲ್ಲಿ ಹಿಡಿದ ಚಾಲಾಕಿಗೆ ಪುಟ್ಟಣ್ಣನವರು ಮನಸೋತರೆಂದು ಹೇಳುತ್ತಾರೆ. ಅವನಿಗೆ ಸಿಕ್ಕಿದ್ದು ಹುಡುಗಿಯರನ್ನು ಕಾಡುವ ಪುಂಡ ಜಲೀಲನ ಪಾತ್ರ, ನಾಲ್ಕಾರು ಸನ್ನಿವೇಶಗಳಷ್ಟೆ. ಆದರೂ ಅವನ 'ಬುಲ್‌ಬುಲ್' ಮಾತು ನಾಯಕನ ಮಾತಿಗಿಂತ ಹೆಚ್ಚು ದೂರ ಹೋಯಿತು. ಅವನಿಗೆ ಪುಟ್ಟಣ್ಣನವರು ಇಟ್ಟ ಹೆಸರು ಅಂಬರೀಷ. ಭಾಗವತದ ಅಂಬರೀಷ ಮಹಾರಾಜ ಪರಮ ವಿಷ್ಣುಭಕ್ತ. ಒಬ್ಬನಿಗೆ ವಿಷ್ಣುವಿನ ಹೆಸರು, ಇನ್ನೊಬ್ಬನಿಗೆ ವಿಷ್ಣುವಿನ ಭಕ್ತನ ಹೆಸರು! ತೆರೆಯ ಮೇಲೆ ಹೊಡೆದಾಡಿದ ಆ ಇಬ್ಬರೂ ತೆರೆಯ ಹೊರಗೆ ಜೀವದ ಗೆಳೆಯರಾಗಿ ಬಾಳಿದ್ದನ್ನು ನೋಡಿದರೆ, ಹೆಸರಿಟ್ಟ ಗಳಿಗೆ ಚೆನ್ನಾಗಿದ್ದಿರಬೇಕು. ಹೆಸರಿಟ್ಟವರಿಗೂ ಹುಟ್ಟುಹೆಸರು ಬೇರೆಯೇ, ಸೀತಾರಾಮ ಶರ್ಮ. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲು ಅವರ ಊರು.

ಪುಟ್ಟಣ್ಣನವರು ಪಳಗಿದ್ದು ಬಿ.ಆರ್. ಪಂತುಲು ಅವರ ಗರಡಿಯಲ್ಲಿ. ಪಂತುಲು ಅವರ 'ಸ್ಕೂಲ್ ಮಾಸ್ಟರ್' ೧೯೫೮ರಲ್ಲಿ ಕನ್ನಡದ ಮನೆಮನೆಯ ಕಣ್ಣನ್ನು ಒದ್ದೆ ಮಾಡಿದ ಚಿತ್ರ. ಅದನ್ನು ೧೯೬೪ರಲ್ಲಿ ಮಲಯಾಳಕ್ಕೆ ತಂದಾಗ ನಿರ್ದೇಶಿಸಿದವರು ಇದೇ ಪುಟ್ಟಣ್ಣನವರು. ಹೀಗೆ ಮೇಷ್ಟ್ರ ಕಥೆಯಿಂದಲೇ ನಿರ್ದೇಶನದ ಓನಾಮ ತಿದ್ದಿದವರಿಗೆ ಚಾಮಯ್ಯ ಹೊಸಬನಾಗಿರಲಿಲ್ಲ.

ಚಾಮಯ್ಯನಾಗಿ ನಿಂತವರು ಕೆ.ಎಸ್. ಅಶ್ವಥ್. ತೆರೆಯ ಮೇಲೆ ಹಣ್ಣಾದ ಮುದುಕರಂತೆ ಕಂಡ ಅವರಿಗೆ ಆಗ ನಾಲ್ವತ್ತೇಳೇ ವಯಸ್ಸು! ಅಪ್ಪ, ಮಾವ, ಗುರು, ಹಿರಿಯಣ್ಣ, ಹೀಗೆ ಇಡೀ ಕನ್ನಡನಾಡಿಗೆ ಹಿರಿಯರಾಗುವ ಹೊರೆಯನ್ನು ಅವರು ತೀರ ಚಿಕ್ಕ ವಯಸ್ಸಿನಲ್ಲಿಯೇ ಹೊತ್ತರು. ಚಿತ್ರರಂಗದಲ್ಲಿ ಅಷ್ಟು ಬೇಡಿಕೆಯಿದ್ದರೂ ಮೈಸೂರನ್ನು ಬಿಟ್ಟು ಬರಲಿಲ್ಲ. ಅವರ ಚಾಮಯ್ಯ ಬೈಯುವುದು ಕಡಿಮೆ, ಬೇಡುವುದು ಹೆಚ್ಚು. ಕಣ್ಣಿನಲ್ಲಿ ನೀರು ತಂದುಕೊಂಡು ಶಿಷ್ಯನ ಹೆಗಲ ಮೇಲೆ ಕೈಯಿಡುವ ಗುರುವಿಗೆ ಯಾವ ಹುಡುಗ ತಾನೆ ಇಲ್ಲವೆಂದಾನು? ಬೆತ್ತಕ್ಕೆ ಬೆನ್ನು ಕೊಡಬಹುದು, ಬೈಗುಳಕ್ಕೆ ಕಿವಿ ಮುಚ್ಚಿಕೊಳ್ಳಬಹುದು. ಆ ಕೈಯ ಭಾರವನ್ನು ಕೊಡವಿಕೊಳ್ಳುವುದು ಸಾಧ್ಯವಿಲ್ಲ. ತುಂಗಮ್ಮನ ಪಾತ್ರದಲ್ಲಿ ಲೀಲಾವತಿ, ಅಲಮೇಲುವಾಗಿ ಆರತಿ, ಮಾರ್ಗರೆಟ್ಟಳಾಗಿ ಶುಭಾ, ಅಲಮೇಲುವಿನ ಅಣ್ಣ ವರದನಾಗಿ ಶಿವರಾಂ, ಎಲ್ಲರೂ ತಮ್ಮ ತಮ್ಮ ಪಾತ್ರಕ್ಕೆ ಒಪ್ಪಿದರು.

ಈ ಚಿತ್ರದ ಇನ್ನೊಂದು ಪಾತ್ರ ಚಿತ್ರದುರ್ಗದ ಕೋಟೆ. ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದ್ರಾಸಿನ ಸ್ಟುಡಿಯೋಗಳ ಚಾವಣಿಯ ಕೆಳಗೆ ತಯಾರಾಗುತ್ತಿದ್ದ ದಿನಗಳು ಆಗಿನ್ನೂ ಹಿಂದೆ ಸರಿದಿರಲಿಲ್ಲ. ಬಣ್ಣ ಬಳಿದ ತಡಿಕೆಯ ಬೆಟ್ಟಗಳನ್ನೇ ಕಂಡಿದ್ದ ಕಣ್ಣಿಗೆ ಪುಟ್ಟಣ್ಣನವರು ಬಿಸಿಲಿಗೆ ಕಾದ ನಿಜವಾದ ಬಂಡೆಗಳನ್ನು, ಅದೂ ವರ್ಣದಲ್ಲಿ, ತೋರಿಸಿದರು. ಛಾಯಾಗ್ರಾಹಕರು ಚಿಟ್ಟಿಬಾಬು. ಅಲಮೇಲುವನ್ನು ಕುರಿತ ಹಾಡೊಂದರಲ್ಲಿ ನಾಯಕನೂ ನಾಯಿಕೆಯೂ ಗಾಳಿಯಲ್ಲಿ ತೇಲುವವರಂತೆ ನಿಧಾನವಾಗಿ ಓಡಿ ಬರುವುದನ್ನು ಕಂಡು ಪ್ರೇಕ್ಷಕರು ಬೆರಗಾದರು. ಅದರ ಗುಟ್ಟು ಇಷ್ಟೆ: ಕ್ಯಾಮರಾದಲ್ಲಿ ಸೆಕೆಂಡಿಗೆ ೨೪ ಚಿತ್ರಗಳಂತೆ ಓಡಬೇಕಾದ ಫಿಲ್ಮನ್ನು ಅದರ ಎರಡರಷ್ಟು ವೇಗದಲ್ಲಿ ಓಡಿಸಿ ಸೆರೆಹಿಡಿದು, ಚಿತ್ರಮಂದಿರದಲ್ಲಿ ಮಾಮೂಲಿನ ವೇಗದಲ್ಲಿಯೇ ತೋರಿಸಿದರೆ, ಒಂದು ಗಳಿಗೆಯ ಓಟ ಎರಡು ಗಳಿಗೆ ಹಿಡಿಯುತ್ತದೆ. ಹೇಳುವುದಕ್ಕೆ ಸುಲಭ. ಆದರೆ ಹೀಗೆ ಮಾಡಿದರೆ ಫಿಲ್ಮಿನ ಖರ್ಚೂ ಇಮ್ಮಡಿಯಾಗುತ್ತದೆ. ಬಣ್ಣದ ಫಿಲ್ಮ್ ಹೊರದೇಶದಿಂದ ಬರಬೇಕಾಗಿದ್ದ ಆ ಕಾಲದಲ್ಲಿ ಪ್ರತಿ ಅಡಿಗೂ ಲೆಕ್ಕವಿರುತ್ತಿತ್ತು. ಹೊಸ ಮುಖದ ಹುಡುಗನೊಬ್ಬನ ಓಟಕ್ಕಾಗಿ ಅಷ್ಟು ಫಿಲ್ಮು ಸುರಿಯಲು ಒಪ್ಪಿದ ನಿರ್ಮಾಪಕರ ಎದೆಗಾರಿಕೆಯನ್ನು ಮೆಚ್ಚಬೇಕು. ವೀರಾಸ್ವಾಮಿಯವರ ಮಗ ರವಿಚಂದ್ರನ್ ಮುಂದೆ ಚಿತ್ರದ ಅದ್ಧೂರಿಗೆ ಹೆಸರಾದದ್ದು ಮನೆಯಲ್ಲಿಯೇ ಕಲಿತ ಪಾಠವಿರಬೇಕು.

ಒಂದೇ ಒಂದು ಹಾಡಿಗಾಗಿ ಜಯಂತಿಯವರು ಒನಕೆ ಓಬವ್ವನಾಗಿ ಬಂದರು. ಆಗಲೇ ಹೆಸರಾಂತ ನಾಯಿಕೆಯಾಗಿದ್ದವರು ಅತಿಥಿಯಾಗಿ ಬಂದು, ಒನಕೆ ಹಿಡಿದು, ಕೋಟೆಯ ಕಿಂಡಿಯ ಬಳಿ ನಿಂತ ಆ ಕೆಲವೇ ನಿಮಿಷಗಳು ನಾಡಿನ ನೆನಪಿನಲ್ಲಿ ಅಚ್ಚೊತ್ತಿವೆ. ಚಿ. ಉದಯಶಂಕರ್ ಬರೆದು, ವಿಜಯಭಾಸ್ಕರ್ ಸ್ವರ ಹಾಕಿ, ಪಿ.ಬಿ. ಶ್ರೀನಿವಾಸ್ ಹಾಡಿದ ಹಾಡು ಅದು. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಒಂದು ಒನಕೆ, ಒಂದು ಕಚ್ಚೆಯ ಸೀರೆ, ನಾಲ್ಕು ಜನ ಹೈದರಾಲಿಯ ಸೈನಿಕರು ಇಲ್ಲದೆ ಕಾರ್ಯಕ್ರಮ ಮುಗಿಯುತ್ತಿರಲಿಲ್ಲ. ನಮ್ಮ ಜಯನಗರದ ಮೇಷ್ಟ್ರು ಅದೆಷ್ಟು ಓಬವ್ವರಿಗೆ ಅಭ್ಯಾಸ ಮಾಡಿಸಿದರೋ! ಇಲ್ಲಿ ಒಂದು ಸಣ್ಣ ಸ್ವಾರಸ್ಯ: ಕನ್ನಡನಾಡಿನ ವೀರಮಹಿಳೆಯನ್ನು ಕೊಂಡಾಡುವ ಆ ಹಾಡು ತೆರೆಗೆ ಬಂದಾಗ ರಾಜ್ಯದ ಹೆಸರು ಇನ್ನೂ ಮೈಸೂರು. ಅದು ಕರ್ನಾಟಕವಾದದ್ದು ೧೯೭೩ರ ನವೆಂಬರ್ ೧ರಂದು, ಹತ್ತು ತಿಂಗಳ ಮೇಲೆ.

ಇಷ್ಟೆಲ್ಲ ಸಂಭ್ರಮದ ನಡುವೆ ಒಬ್ಬರ ಮನಸ್ಸು ಮಾತ್ರ ಒಪ್ಪಲಿಲ್ಲ. ಅವರೇ ಕಥೆಯನ್ನು ಹೆತ್ತವರು. ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು, ಎಂದರೆ ತ.ರಾ.ಸು., ಚಿತ್ರದುರ್ಗದ ಒಂದೊಂದು ಕಲ್ಲನ್ನೂ ಮಾತನಾಡಿಸಿದ ಕಾದಂಬರಿಕಾರರು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ'ಗಳಲ್ಲಿ ಪಾಳೆಯಗಾರರ ಕಾಲವನ್ನು ಕಂಡರಿಸಿದವರು. ಮುಂದೆ 'ದುರ್ಗಾಸ್ತಮಾನ'ವನ್ನು ಬರೆದು, ತೀರಿಕೊಂಡ ಬಳಿಕ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣನವರು ಒಂದು ಚಿತ್ರಕಥೆ ಮಾಡಿದರು. ಮೂರು ಪುಸ್ತಕಗಳು ಮೂರು ಗಂಟೆಯೊಳಗೆ ಅಡಗಬೇಕಾದರೆ ಏನೇನೋ ಬಿಟ್ಟುಹೋಗುತ್ತದೆ. ತಾವು ಕೊಟ್ಟ ನಾಗರಹಾವನ್ನು ಪುಟ್ಟಣ್ಣನವರು ಕೇರೆಹಾವು ಮಾಡಿದರೆಂದು ತ.ರಾ.ಸು. ಆಡಿದರೆನ್ನುವ ಮಾತು ಸಾಹಿತ್ಯವಲಯದಲ್ಲಿಯೂ ಚಿತ್ರವಲಯದಲ್ಲಿಯೂ ಜನಜನಿತವಾಗಿದೆ. ತ್ರಿವೇಣಿಯವರ 'ಬೆಳ್ಳಿಮೋಡ', 'ಶರಪಂಜರ', ಎಂ.ಕೆ. ಇಂದಿರಾ ಅವರ 'ಗೆಜ್ಜೆಪೂಜೆ'ಗಳನ್ನು ತೆರೆಗೆ ತಂದು ಸೈ ಎನಿಸಿಕೊಂಡಿದ್ದ ನಿರ್ದೇಶಕರಿಗೆ ಇದು ಚುರುಕೆನ್ನಿಸಿದ್ದರೆ ಆಶ್ಚರ್ಯವಿಲ್ಲ. ವಿಧಿಯ ವಿನೋದ ನೋಡಿ: ಆ ವರ್ಷದ ರಾಜ್ಯಪ್ರಶಸ್ತಿಗಳಲ್ಲಿ ವಿಷ್ಣುವರ್ಧನರು ಶ್ರೇಷ್ಠ ನಟರಾದರು, ಅಶ್ವಥ್ ಶ್ರೇಷ್ಠ ಪೋಷಕ ನಟರಾದರು, ಶ್ರೇಷ್ಠ ಕಥೆಯ ಪ್ರಶಸ್ತಿ ತ.ರಾ.ಸು. ಅವರ ಪಾಲಿಗೇ ಬಂದಿತು!

ಯಾರು ಸರಿ? ಕಾದಂಬರಿಯನ್ನು ಮೊದಲು ಓದಿದವರು ತ.ರಾ.ಸು. ಅವರ ಕಡೆ, ಚಿತ್ರವನ್ನು ಮೊದಲು ನೋಡಿದವರು ಪುಟ್ಟಣ್ಣನವರ ಕಡೆ. ಮೇಷ್ಟ್ರ ಮನೆಯಲ್ಲಿಯೇ ಈ ಎರಡು ಪಕ್ಷಗಳಿದ್ದವು. ಅವರ ಮಡದಿ ಮೂರು ಕಾದಂಬರಿಗಳನ್ನೂ ಗ್ರಂಥಾಲಯದಿಂದ ತಂದು ಓದಿದ್ದವರು. "ಹುಡುಗನ ಒಳಗಿನ ಉರಿ ಪುಸ್ತಕದಲ್ಲಿದ್ದಷ್ಟು ತೆರೆಯ ಮೇಲೆ ಬಂದಿಲ್ಲ" ಎಂದು ಅವರು ಕಡೆಯವರೆಗೆ ವಾದಿಸುತ್ತಿದ್ದರು. ಮೇಷ್ಟ್ರು ಒಪ್ಪುತ್ತಿರಲಿಲ್ಲ. ಅವರ ಪಾಲಿಗೆ ಆ ಚಿತ್ರವೆಂದರೆ ಚಾಮಯ್ಯ. ಉಳಿದದ್ದೆಲ್ಲ ಚಾಮಯ್ಯನ ಸುತ್ತ ನೇಯ್ದದ್ದು.

ಒಂದು ಅಂಶವನ್ನಂತೂ ಒಪ್ಪಬೇಕು. ಕಥೆ ಬೇರೆ ಭಾಷೆಗಳಿಗೂ ಹೋಯಿತು, ಆದರೆ ಅದೇ ಪುಣ್ಯವನ್ನು ಹೊತ್ತುಕೊಂಡು ಹೋಗಲಿಲ್ಲ. ೧೯೭೪ರಲ್ಲಿ ತೆಲುಗಿನ 'ಕೋಡೆನಾಗು'ವಿನಲ್ಲಿ ಶೋಭನ್ ಬಾಬು ನಾಯಕ. ಮೇಷ್ಟ್ರಾಗಿ ನಟಿಸಿದವರು ಹೆಸರಾಂತ ಗೀತರಚನಕಾರ ಆಚಾರ್ಯ ಆತ್ರೇಯ. ತಮಿಳಿನಲ್ಲಿ ಅದು 'ರಾಜನಾಗಂ'. ಹಿಂದಿಯ 'ಜಹರೀಲಾ ಇನ್ಸಾನ್' ಚಿತ್ರವನ್ನು ಪುಟ್ಟಣ್ಣನವರೇ ನಿರ್ದೇಶಿಸಿದರು. 'ಬಾಬಿ'ಯಿಂದ ದೇಶಕ್ಕೆಲ್ಲ ಪರಿಚಿತರಾಗಿದ್ದ ರಿಷಿ ಕಪೂರ್ ನಾಯಕರು, ಅಂಬರೀಷ್ ತಮ್ಮ ಪಾತ್ರದಲ್ಲಿ ತಾವೇ. ಹಿಂದಿಯ ಪ್ರೇಕ್ಷಕರು ಹಾಡನ್ನು ಮೆಚ್ಚಿ ಚಿತ್ರವನ್ನು ಕೈಬಿಟ್ಟರು. ಅದೇ ಕಥೆ, ಅದೇ ನಿರ್ದೇಶಕರು! ಮೇಷ್ಟ್ರ ಒಂದು ಮಾತಿಗೆ ಬಾಳನ್ನೇ ಬಿಟ್ಟುಕೊಡುವ ಹುಡುಗನನ್ನು ಬೊಂಬಾಯಿಯವರು ನಂಬಲಿಲ್ಲವೋ ಏನೋ. ಬೆಂಗಳೂರಿನವರು, ಅದರಲ್ಲಿಯೂ ಜಯನಗರ ಬಸವನಗುಡಿಗಳವರು, ನಂಬಿದರು. ಅಂಥ ಮೇಷ್ಟ್ರು ಅವರ ಪಕ್ಕದ ಮನೆಯಲ್ಲಿಯೇ ಇದ್ದರು.

ಇದ್ದರೆಂಬುದಕ್ಕೆ ಸಾಕ್ಷಿ ೧೯೮೦ರಲ್ಲಿ ದೊರೆಯಿತು. ಕಪ್ಪು ಹಲಗೆಯ ಮೇಲೆ ಹೆಸರು ಬರೆದಿದ್ದ ಹುಡುಗ ಅಷ್ಟು ಹೊತ್ತಿಗೆ ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯನ್ನು ಮದುವೆಯಾಗುವುದಾಗಿ ಹಟ ಹಿಡಿದ. ಜಾತಿ ಬೇರೆ. ತಾಯಿ ಊಟ ಬಿಟ್ಟರು, ತಂದೆ ಮಾತು ಬಿಟ್ಟರು. ಕೊನೆಗೆ ತಂದೆ ಒಂದು ಸಂಜೆ ಮೇಷ್ಟ್ರ ಮನೆಯ ಜಗುಲಿಯಲ್ಲಿ ಕುಳಿತು, "ನಮ್ಮ ಮಾತು ಮುಗಿಯಿತು ಮೇಷ್ಟ್ರೇ. ಅವನು ಕೇಳಿದರೆ ನಿಮ್ಮ ಮಾತು ಒಂದನ್ನು ಕೇಳಿಯಾನು" ಎಂದರು. ಮೇಷ್ಟ್ರು ಹುಡುಗನನ್ನು ಕರೆಸಿ, ಲಾಲ್‌ಬಾಗಿನ 
ಬಂಡೆಯ ತನಕ ನಡೆಸಿಕೊಂಡು ಹೋದರು. ಗದರಲಿಲ್ಲ. ಹೆಗಲ ಮೇಲೆ ಕೈಯಿಟ್ಟರು. ತಾಯಿಯ ಕಣ್ಣೀರನ್ನು ಹೇಳಿದರು, ತಂಗಿಯರ ಮದುವೆಯನ್ನು ಹೇಳಿದರು. ಒಂದು ವಾರದಲ್ಲಿ ಹುಡುಗ ಬೇರೆ ಊರಿಗೆ ವರ್ಗ ಮಾಡಿಸಿಕೊಂಡ. ಎರಡು ವರ್ಷದ ಮೇಲೆ ಹೆತ್ತವರು ನೋಡಿದ ಹೆಣ್ಣನ್ನು ಮದುವೆಯಾದ. ಮದುವೆಯ ಮನೆಯಲ್ಲಿ ಎಲ್ಲರೂ ಮೇಷ್ಟ್ರ ಕೈ ಹಿಡಿದು, "ಥೇಟ್ ಚಾಮಯ್ಯ ಮೇಷ್ಟ್ರೇ ನೀವು!" ಎಂದು ಕೊಂಡಾಡಿದರು. ಕೊಂಡಾಡಿದವರೆಲ್ಲ ಆ ಚಿತ್ರವನ್ನು ಎರಡೆರಡು ಸಲ ನೋಡಿದ್ದವರು. ಅಲಮೇಲುವಿಗೆ ಏನಾಯಿತೆಂಬುದು ಆ ದಿನ ಒಬ್ಬರಿಗೂ ನೆನಪಾಗಲಿಲ್ಲ. ಮೇಷ್ಟ್ರಿಗೂ ಆಗಲಿಲ್ಲ.

ಕಾಲ ಸರಿಯಿತು. ತ.ರಾ.ಸು. ೧೯೮೪ರಲ್ಲಿ, ಪುಟ್ಟಣ್ಣನವರು ಮರುವರ್ಷ, ಇನ್ನೂ ಐವತ್ತೆರಡು ತುಂಬುವ ಮೊದಲೇ, ತೀರಿಕೊಂಡರು. ಜಯನಗರದ ವ್ಯಾಪಾರ ಸಂಕೀರ್ಣದಲ್ಲಿ ಪುಟ್ಟಣ್ಣನವರ ಹೆಸರಿನ ಚಿತ್ರಮಂದಿರವೊಂದಿದ್ದಿತು. ಮೇಷ್ಟ್ರು ಸಂಜೆಯ ತಿರುಗಾಟದಲ್ಲಿ ಅದರ ಮುಂದೆ ಒಂದು ಗಳಿಗೆ ನಿಂತು ಭಿತ್ತಿಪತ್ರಗಳನ್ನು ನೋಡಿ ಮುಂದೆ ಹೋಗುತ್ತಿದ್ದರು. ಅದೂ ಇಲ್ಲವಾಯಿತು. ವಿಷ್ಣುವರ್ಧನರು ಇದೇ ಜಯನಗರದ ನಿವಾಸಿಗಳಾಗಿದ್ದರು. ೨೦೦೯ರ ಡಿಸೆಂಬರ್ ೩೦ರಂದು ಅವರು ಮೈಸೂರಿನಲ್ಲಿ ನಿಧನರಾದ ಸುದ್ದಿ ಬಂದಿತು. 'ನಾಗರಹಾವು' ತೆರೆ ಕಂಡು ಮೂವತ್ತೇಳು ವರ್ಷ ಒಂದು ದಿನವಾಗಿತ್ತು. ಅವರು ಓದಿದ ನ್ಯಾಷನಲ್ ಕಾಲೇಜಿನ ಮೈದಾನದಲ್ಲಿಯೇ ಜನಸಾಗರ ಅವರ ಅಂತಿಮದರ್ಶನ ಪಡೆಯಿತು. ಅದಾಗಿ ಹತ್ತೊಂಬತ್ತು ದಿನಕ್ಕೆ, ೨೦೧೦ರ ಜನವರಿ ೧೮ರಂದು, ಅದೇ ಮೈಸೂರಿನಲ್ಲಿ ಅಶ್ವಥ್ ಕಣ್ಣು ಮುಚ್ಚಿದರು. ತೆರೆಯ ಮೇಲೆ ಗುರು ಮೊದಲು ಹೋಗಿ ಶಿಷ್ಯ ಹಿಂಬಾಲಿಸಿದ್ದ. ಇಲ್ಲಿ ಶಿಷ್ಯ ಮೊದಲು ಹೋದ. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ಮೇಷ್ಟ್ರು ತಿಂಡಿ ಮುಟ್ಟಲಿಲ್ಲ.

ಬನಶಂಕರಿ ದೇವಸ್ಥಾನದಿಂದ ಕೆಂಗೇರಿಯವರೆಗಿನ ಹದಿನಾಲ್ಕೂವರೆ ಕಿಲೋಮೀಟರಿನ ರಸ್ತೆಗೆ ಡಾ. ವಿಷ್ಣುವರ್ಧನ ರಸ್ತೆಯೆಂದು ಹೆಸರಾಯಿತು. ಅವರ ಅಂತ್ಯಸಂಸ್ಕಾರ ನಡೆದ ಅಭಿಮಾನ್ ಸ್ಟುಡಿಯೋ ಇರುವುದೂ ಕೆಂಗೇರಿಯ ಕಡೆಯೇ. ಅಲ್ಲಿದ್ದ ಸಮಾಧಿ ೨೦೨೫ರ ಆಗಸ್ಟಿನಲ್ಲಿ ನೆಲಸಮವಾದದ್ದು, ಮರುತಿಂಗಳೇ ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ಘೋಷಣೆಯಾದದ್ದು ಆಮೇಲಿನ ಮಾತು.

೨೦೧೮ರ ಜುಲೈನಲ್ಲಿ ಹಳೆಯ ಚಿತ್ರಕ್ಕೆ ಹೊಸ ತೊಡಿಗೆ ತೊಡಿಸಿ, ತೆರೆಯನ್ನು ಅಗಲ ಮಾಡಿ, ಧ್ವನಿಯನ್ನು ನವೀಕರಿಸಿ ಮತ್ತೆ ಬಿಡುಗಡೆ ಮಾಡಿದರು. ವೀರಾಸ್ವಾಮಿಯವರ ಮನೆಯವರೇ ಆ ಸಾಹಸ ಮಾಡಿದರು. ಮೇಷ್ಟ್ರಿಗೆ ಆಗ ಎಂಬತ್ತೆರಡು. ಮಡದಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕಾಲೇಜಿಗೆ ಹೋಗುವ ಮೊಮ್ಮಗಳು ತಾತನನ್ನು ಆಟೋದಲ್ಲಿ ಕೂರಿಸಿಕೊಂಡು ಚಿತ್ರಮಂದಿರಕ್ಕೆ ಕರೆದೊಯ್ದಳು. ಮೊದಲ ದೃಶ್ಯಕ್ಕೇ ಶಿಳ್ಳೆ, ಚಪ್ಪಾಳೆ, ನಾಣ್ಯದ ಮಳೆ. ಜಲೀಲ ಬಂದಾಗಲಂತೂ ಮಾತು ಕೇಳಿಸಲೇ ಇಲ್ಲ. ಪ್ರೇಕ್ಷಕರೇ ಅವನ ಮಾತನ್ನು ಒಪ್ಪಿಸಿಬಿಟ್ಟರು. ಅಂಬರೀಷರೂ ಆಗ ಇನ್ನೂ ಇದ್ದರು. ಅವರು ತೀರಿಕೊಂಡದ್ದು ಅದೇ ವರ್ಷದ ನವೆಂಬರಿನಲ್ಲಿ.

ಹಿಂತಿರುಗುವಾಗ ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಸೌತ್ ಎಂಡ್ ವೃತ್ತದ ಬಳಿ ಆಟೋ ನಿಂತಾಗ ಕೇಳಿದಳು.

"ತಾತ, ಅಲಮೇಲುವನ್ನು ಬಿಡು ಅಂತ ಆ ಮೇಷ್ಟ್ರು ಯಾಕೆ ಹೇಳಿದರು?"

"ಎಲ್ಲರಿಗೂ ಒಳ್ಳೆಯದಾಗಲಿ ಎಂದು ಹೇಳಿದರಮ್ಮ."

"ಯಾರಿಗೆ ಒಳ್ಳೆಯದಾಯಿತು?"

ಮೇಷ್ಟ್ರು ಉತ್ತರ ಹೇಳಲಿಲ್ಲ. ನಲವತ್ತೈದು ವರ್ಷ ಪದಕದಂತೆ ಧರಿಸಿಕೊಂಡಿದ್ದ ಹೆಸರು ಅಂದು ರಾತ್ರಿ ಅವರನ್ನು ಮಲಗಗೊಡಲಿಲ್ಲ. ಮಡದಿ ವಾದಿಸುತ್ತಿದ್ದ ಮಾತು, ಹುಡುಗನ ಒಳಗಿನ ಉರಿಯ ಮಾತು, ಮತ್ತೆ ಮತ್ತೆ ನೆನಪಿಗೆ ಬಂದಿತು.

ಹದಿನೈದು ದಿನ ಕಳೆದ ಮೇಲೆ ಅವರು ಹಳೆಯ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗಾಗಿ ದೂರವಾಣಿ ಮಾಡಿ ಆ ಹುಡುಗನ ವಿಳಾಸ ಹಿಡಿದರು. ಹುಡುಗನೆಂದರೆ, ಅವನೂ ಬ್ಯಾಂಕಿನಿಂದ ನಿವೃತ್ತನಾಗಿದ್ದವನು. ಬನಶಂಕರಿ ಮೂರನೆಯ ಹಂತದಲ್ಲಿ, ವಿಷ್ಣುವರ್ಧನ ರಸ್ತೆಯಿಂದ ಎರಡೇ ತಿರುವು ಒಳಗೆ, ಮನೆ ಕಟ್ಟಿಸಿಕೊಂಡು ಎಷ್ಟೋ ವರ್ಷವಾಗಿತ್ತು. ಜಯನಗರದಿಂದ ಅರ್ಧ ಗಂಟೆಯ ದಾರಿ. ಮೇಷ್ಟ್ರು ಯಾರಿಗೂ ಹೇಳದೆ, ಕೊಡೆ ಹಿಡಿದುಕೊಂಡು, ಬಸ್ಸು ಹತ್ತಿ ಹೋದರು.

ಬಾಗಿಲು ತೆರೆದವನು ಗುರುತು ಹಿಡಿದು ಕಾಲಿಗೆ ಬೀಳಲು ಬಾಗಿದ. ಮೇಷ್ಟ್ರು ತೋಳು ಹಿಡಿದು ಎತ್ತಿದರು. ಅವನ ಹೆಂಡತಿ ಉಪ್ಪಿಟ್ಟು ತಂದರು, ಕಾಫಿ ತಂದರು. ಮಗ ಅಮೆರಿಕದಲ್ಲಿರುವುದನ್ನು, ಸೊಸೆ ಬಸುರಿಯಾಗಿರುವುದನ್ನು ಹೇಳಿದರು. "ಮದುವೆಯಾದಾಗಿನಿಂದ ನಿಮ್ಮ ಹೆಸರನ್ನು ಹೇಳುತ್ತಲೇ ಇರುತ್ತಾರೆ" ಎಂದರು. ಆ ಒಳ್ಳೆಯ ಹೆಣ್ಣುಮಗಳ ಎದುರಿನಲ್ಲಿ ಮೇಷ್ಟ್ರು ಬಂದ ಕೆಲಸವನ್ನು ಎತ್ತಲಾರದೆ ಹೋದರು. ಮಾತು ಚಿತ್ರದ ಕಡೆಗೆ ಹೊರಳಿತು. ಮತ್ತೆ ಬಂದಿದೆಯಲ್ಲ, ನೋಡಿದೆಯಾ ಎಂದು ಕೇಳಿದರು.

"ಇಲ್ಲ ಸಾರ್. ಹಲಗೆಯ ಮೇಲೆ ಬರೆದಾಗ ಮೂರು ಸಲ ನೋಡಿದ್ದೆ. ಎಂಬತ್ತರಿಂದ ಈಚೆಗೆ ನೋಡಲಿಲ್ಲ."

ಬಸ್ಸಿನ ನಿಲ್ದಾಣದವರೆಗೆ ಅವನೇ ಬಿಡಲು ಬಂದ. ಮೇಷ್ಟ್ರು ರಸ್ತೆಯ ಕಡೆ ನೋಡುತ್ತಲೇ ಹೇಳಿದರು:

"ಆ ದಿನ ಲಾಲ್‌ಬಾಗಿನಲ್ಲಿ ನಾನು ಹೇಳಿದ್ದು ಸರಿಯಾಗಿರಲಿಲ್ಲ ಕಣಪ್ಪ."

ಅವನು ಕೂಡಲೇ ಏನೂ ಹೇಳಲಿಲ್ಲ. ಎರಡು ಬಸ್ಸುಗಳು ನಿಲ್ಲದೆ ಹೋದವು.

"ನೀವು ಹೇಳಿದ್ದಕ್ಕೆ ಬಿಟ್ಟೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ ಸಾರ್. ಅವಳಿಗೂ ಹಾಗೆಯೇ ಹೇಳಿದೆ. ನಿಜವಾಗಿ ನನಗೇ ಧೈರ್ಯ ಸಾಲದೆ ಹೋಗಿತ್ತು. ಯಾರಾದರೂ ಬೇಡ ಎಂದು ಹೇಳಲಿ ಎಂದು ಕಾಯುತ್ತಿದ್ದೆ. ನೀವು ಹೇಳಿದಿರಿ."

ಅದು ನಿಜವೋ, ಮುದುಕನ ಮನಸ್ಸು ನೋಯಬಾರದೆಂದು ಶಿಷ್ಯ ಆಡಿದ ಮಾತೋ ಮೇಷ್ಟ್ರಿಗೆ ತಿಳಿಯಲಿಲ್ಲ. ಮುಖ ನೋಡಿ ಸುಳ್ಳನ್ನು ಕಂಡುಹಿಡಿಯುವ ವಿದ್ಯೆ ಮೂವತ್ತೈದು ವರ್ಷದ ಉಪಾಧ್ಯಾಯಗಿರಿಯಲ್ಲಿ ಅವರಿಗೆ ಸಿದ್ಧಿಸಿತ್ತು; ಆ ಸಂಜೆ ಅದು ಕೈಕೊಟ್ಟಿತು. "ಅವಳು ಈಗ..." ಎಂದು ಆರಂಭಿಸಿದರು. ಅಷ್ಟರಲ್ಲಿ ಜಯನಗರದ ಬಸ್ಸು ಬಂದು ನಿಂತಿತು. ಅವನು ಅವರ ಮೊಳಕೈ ಹಿಡಿದು ಮೆಟ್ಟಿಲು ಹತ್ತಿಸಿ, ಕೊಡೆಯನ್ನು ಕೈಗೆ ಕೊಟ್ಟು, "ಇವರು ನಮ್ಮ ಮೇಷ್ಟ್ರು. ನಾಲ್ಕನೇ ಬ್ಲಾಕಿನಲ್ಲಿ ಜೋಪಾನವಾಗಿ ಇಳಿಸಿಬಿಡಿ" ಎಂದು ಕಂಡಕ್ಟರಿಗೆ ಹೇಳಿ ಕೆಳಗಿಳಿದ.